ಪರರ ಕಷ್ಟ, ನಮ್ಮ ಬಹುಮಾನ

ಒಬ್ಬರ ಕಷ್ಟವು ಮತ್ತೊಬ್ಬರ ಸ್ಪರ್ಧೆಗೆ ವಸ್ತುವಾಗುವುದು ನ್ಯಾಯವೇ? ಓಟದಲ್ಲಿಯೂ ಪ್ರಬಂಧದಲ್ಲಿಯೂ ಸ್ಪರ್ಧೆಯಿರುವುದನ್ನು ನಾವು ಬಲ್ಲೆವು. ಅಲ್ಲಿ ಸೋತವನ ಹೊರತು ಬೇರಾರಿಗೂ ನಷ್ಟವಿಲ್ಲ. ಆದರೆ ವೃದ್ಧಾಪ್ಯ ವೇತನಕ್ಕಾಗಿ ಕಾದು ಕುಳಿತ ಮುದುಕಿ, ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದ ಕೂಲಿಕಾರ, ಅಂಗನವಾಡಿಯನ್ನೇ ಕಾಣದ ಮಗು, ಇಂಥವರ ತೊಂದರೆಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದಿಟ್ಟು, ಒಳ್ಳೆಯ ಪರಿಹಾರ ಸೂಚಿಸಿದವರಿಗೆ ಬಹುಮಾನ ಕೊಡುವ ಪದ್ಧತಿ ಈಚೆಗೆ ಎಲ್ಲೆಡೆ ಬೆಳೆದಿದೆ. ಇದರ ಗುಣದೋಷಗಳನ್ನು ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ.

ನಮ್ಮ ಕೇಂದ್ರ ಸರ್ಕಾರವು 2017ರಲ್ಲಿ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಸರ್ಕಾರದ ಇಲಾಖೆಗಳು ತಮ್ಮ ಸಮಸ್ಯೆಗಳನ್ನು ಬರೆದು ಕೊಟ್ಟವು. ಆರಾರು ಜನರ ವಿದ್ಯಾರ್ಥಿ ತಂಡಗಳು ಅಂತಿಮ ಸುತ್ತಿನಲ್ಲಿ 36 ಗಂಟೆಗಳ ಕಾಲ ಎಡೆಬಿಡದೆ ಕುಳಿತು ಉತ್ತರ ಹುಡುಕಿದವು. ಅಮೆರಿಕದಲ್ಲಿ ಸಾರ್ವಜನಿಕ ಆಡಳಿತ ಕಲಿಸುವ ವಿದ್ಯಾಸಂಸ್ಥೆಗಳ ಒಕ್ಕೂಟವು ವರ್ಜೀನಿಯಾ ವಿಶ್ವವಿದ್ಯಾಲಯದ ಬ್ಯಾಟನ್ ವಿಭಾಗದೊಡನೆ 2015ರಿಂದ ನಡೆಸಿದ ಸ್ಪರ್ಧೆಯಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳು ಕಂಪ್ಯೂಟರು ಮುಂದಿಡುವ ಕಲ್ಪಿತ ಸಂಕಟವನ್ನು ಒಂದೇ ದಿನದಲ್ಲಿ ನಿಭಾಯಿಸಿ ತೋರಿಸಬೇಕಿತ್ತು. ಇವುಗಳ ಅನುಕರಣೆಯಾಗಿ ನಮ್ಮ ಕಾಲೇಜುಗಳೂ ಹತ್ತಿರದ ಪಂಚಾಯಿತಿ, ಪುರಸಭೆಗಳ ಪ್ರಶ್ನೆಗಳನ್ನು ಸ್ಪರ್ಧೆಗೆ ಇಡುತ್ತಿವೆ.

ಬಹುಮಾನವೆಂದ ಮಾತ್ರಕ್ಕೆ ಅದನ್ನು ಹಳಿಯುವುದು ಸಲ್ಲದು. 1714ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಮುದ್ರದ ಮೇಲೆ ರೇಖಾಂಶವನ್ನು ನಿರ್ಣಯಿಸುವ ಉಪಾಯಕ್ಕೆ 20,000 ಪೌಂಡುಗಳವರೆಗೆ ಬಹುಮಾನ ಘೋಷಿಸಿತು. ಬಡಗಿಯ ಮಗನಾದ ಜಾನ್ ಹ್ಯಾರಿಸನ್ ಎಂಬಾತನು ಗಡಿಯಾರ ಮಾಡಿ ಅದನ್ನು ಸಾಧಿಸಿದನು. ಎಷ್ಟೋ ನಾವಿಕರ ಪ್ರಾಣ ಉಳಿಯಿತು. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆ ಗಡಿಯಾರವನ್ನು ಹಡಗಿನಲ್ಲಿಟ್ಟು ಸಮುದ್ರಯಾನ ಮಾಡಿಸಿಯೇ ಪರೀಕ್ಷಿಸಿದರು. ಸಭೆಯಲ್ಲಿ ವಿವರಿಸಿದ ಮಾತ್ರಕ್ಕೆ ಹಣ ಕೊಡಲಿಲ್ಲ. ಎರಡನೆಯದಾಗಿ, ಹ್ಯಾರಿಸನ್ ಆ ಒಂದು ಕೆಲಸಕ್ಕೆ ನಾಲ್ಕು ದಶಕಗಳನ್ನು ಸವೆಸಿದನು. ನಾವು 36 ಗಂಟೆಗಳಿಗೆ ಕೊಡುವ ಬಹುಮಾನದಲ್ಲಿ ಈ ಎರಡೂ ಇಲ್ಲ.

ಇದನ್ನು ನಾನು ಅನ್ಯರ ತಪ್ಪೆಂದು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ಇಂಥ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಬಹುಮಾನದ ಹಣವೂ ನನ್ನದೇ. ವೃದ್ಧಾಪ್ಯ ವೇತನ ಜಮೆಯಾದೊಡನೆ ಫಲಾನುಭವಿಯ ದೂರವಾಣಿಗೆ ಸಂದೇಶ ಕಳುಹಿಸುವ ಯೋಜನೆ ರೂಪಿಸಿದ ತಂಡ ಗೆದ್ದಿತು. ತೆರೆಯ ಮೇಲೆ ಒಬ್ಬ ವೃದ್ಧೆಯ ಚಿತ್ರ ಮೂಡಿತು. ಸಭೆ ಚಪ್ಪಾಳೆ ತಟ್ಟಿತು. ಒಂದು ಸತ್ಕಾರ್ಯ ಮಾಡಿದೆನೆಂಬ ತೃಪ್ತಿಯಿಂದ ನಾನು ಮನೆಗೆ ಬಂದೆ. ಮರುವರ್ಷ ವಸೂಲಿಗೆಂದು ಅದೇ ಊರಿಗೆ ಹೋದಾಗ ಆ ವೃದ್ಧೆ ಎದುರಾದಳು. ಅವಳ ಮನೆಯಲ್ಲಿ ದೂರವಾಣಿಯೇ ಇರಲಿಲ್ಲ. ಪಾಸ್ ಪುಸ್ತಕದ ಹೆಸರಿಗೂ ಆಧಾರ್ ಚೀಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದು ವೇತನ ನಿಂತೇ ಇತ್ತು. ಅವಳು ಕೇಳಿದಳು: “ಪಟ ತಕ್ಕೊಂಡು ಹೋದ ಮಕ್ಕಳಿಗೆ ಬಹುಮಾನ ಬಂತಾ ಸಾವ್ಕಾರ್ರೇ?”

ಆ ಮಾತಿನಲ್ಲಿ ವ್ಯಂಗ್ಯ ಲವಲೇಶವೂ ಇರಲಿಲ್ಲ. ಅದರಿಂದಲೇ ನನಗೆ ತಲೆ ತಗ್ಗಿತು. ನಮ್ಮ ಅಂಗಡಿಯ ಗುಮಾಸ್ತರು ಎರಡು ಸಲ ಬ್ಯಾಂಕಿಗೆ, ಒಂದು ಸಲ ನಾಡಕಚೇರಿಗೆ ಅವಳ ಜೊತೆಗೆ ಹೋಗಿಬಂದ ಮೇಲೆ ವೇತನ ಮತ್ತೆ ಬರತೊಡಗಿತು. ಅವಳಿಗೆ ಬೇಕಾಗಿದ್ದುದು ಹೊಸ ಯೋಜನೆಯಲ್ಲ, ಜೊತೆಗೆ ನಡೆಯುವ ಒಬ್ಬ ಮನುಷ್ಯ.

ಹಾಗಾದರೆ ವಿದ್ಯಾವಂತರ ಜಾಣ್ಮೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಜಾಣ್ಮೆ ಎಲ್ಲಿ ನಿಂತು ನೋಡುತ್ತದೆ ಎಂಬುದೇ ಪ್ರಶ್ನೆ. ಇದಕ್ಕೆ ಅಮೆರಿಕದ್ದೇ ಇನ್ನೊಂದು ನಿದರ್ಶನವಿದೆ. 2013ರಲ್ಲಿ ‘ಕೋಡ್ ಫಾರ್ ಅಮೆರಿಕ’ ಸಂಸ್ಥೆಯ ಕೆಲವು ಯುವ ತಂತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ಸಮಾಜಸೇವಾ ಇಲಾಖೆಯೊಡನೆ ಕೆಲಸಕ್ಕೆ ನಿಂತರು. ಅವರು ಸ್ಪರ್ಧಿಗಳಾಗಿ ಬಂದವರಲ್ಲ. ಬಡವರಿಗೆ ಆಹಾರ ನೆರವು ನೀಡುವ ಯೋಜನೆಗೆ ತಾವೇ ಅರ್ಜಿ ಹಾಕಿ ನೋಡಿದರು. ಇಲಾಖೆಯ ಪತ್ರಗಳು ಓದಿದರೂ ತಿಳಿಯದ ಭಾಷೆಯಲ್ಲಿ ಬರುತ್ತಿದ್ದವು. ನೆರವು ರದ್ದಾದ ಸಂಗತಿ ಎಷ್ಟೋ ಜನರಿಗೆ ತಿಳಿಯುತ್ತಿದ್ದುದು ದಿನಸಿ ಅಂಗಡಿಯಲ್ಲಿ ಹಣ ಕೊಡುವ ಗಳಿಗೆಯಲ್ಲಿ. ಇದನ್ನು ಕಂಡ ಮೇಲೆ, ನೆರವು ನಿಲ್ಲುವ ಮೊದಲೇ ಎಚ್ಚರಿಸುವ ಸರಳ ಸಂದೇಶದ ಏರ್ಪಾಡನ್ನು ಅವರು ಮಾಡಿದರು. ನನ್ನಿಂದ ಬಹುಮಾನ ಪಡೆದ ವಿದ್ಯಾರ್ಥಿಗಳು ಸೂಚಿಸಿದ್ದೂ ಸಂದೇಶವನ್ನೇ. ಉಪಾಯ ಹೆಚ್ಚುಕಡಿಮೆ ಒಂದೇ, ಫಲ ಮಾತ್ರ ಬೇರೆ. ಏಕೆಂದರೆ ಅವರು ಮೊದಲು ಸರದಿಯ ಸಾಲಿನಲ್ಲಿ ನಿಂತರು, ಆಮೇಲೆ ಉತ್ತರ ಬರೆದರು.

ಇದರಿಂದ ನನಗೆ ತೋರುವ ನೀತಿ ಇಷ್ಟು: ಪರರ ಕಷ್ಟವನ್ನು ಪ್ರಶ್ನೆಯಾಗಿ ಎತ್ತಿಕೊಂಡವನು ಒಂದು ಸಾಲವನ್ನು ಎತ್ತಿದಂತೆ. ಪ್ರಶಸ್ತಿಪತ್ರದಿಂದ ಆ ಸಾಲ ತೀರುವುದಿಲ್ಲ. ಯಾರ ಕಷ್ಟವೋ ಅವರು ‘ತೀರಿತು’ ಎಂದಾಗ ಮಾತ್ರ ತೀರುತ್ತದೆ. ಸಾಲ ಕೊಟ್ಟವನ ಸಹಿಯಿಲ್ಲದೆ ಖಾತೆ ಚುಕ್ತಾ ಆಗುವುದುಂಟೇ?

ಆದುದರಿಂದ ಇಂಥ ಸ್ಪರ್ಧೆಗಳಿಗೆ ಹಣ ಕೊಡುವ ದಾನಿಗಳೂ ಧರ್ಮಸಂಸ್ಥೆಗಳ ವಿಶ್ವಸ್ತರೂ ಮೂರು ನಿಬಂಧನೆಗಳನ್ನು ಹಾಕಬಹುದು. ಮೊದಲನೆಯದು, ಬಹುಮಾನದ ಅರ್ಧವನ್ನು ಮಾತ್ರ ಸಭೆಯಲ್ಲಿ ಕೊಟ್ಟು, ಉಳಿದರ್ಧವನ್ನು ಒಂದು ವರ್ಷದ ಕೆಲಸ ನೋಡಿ ಕೊಡುವುದು. ಎರಡನೆಯದು, ವಿದ್ಯಾರ್ಥಿಗಳು ಪದವಿ ಮುಗಿಸಿ ಹೋದ ಮೇಲೆ ಕೆಲಸವನ್ನು ಮುಂದುವರಿಸುವ ಅಧಿಕಾರಿ ಯಾರೆಂಬುದನ್ನು ಪಂಚಾಯಿತಿ ಅಥವಾ ಪುರಸಭೆ ಮೊದಲೇ ಬರೆದು ಕೊಡುವುದು. ಯುವಕರು ಉದ್ಯೋಗಕ್ಕೆ ಹೋಗುವುದು ಸಹಜ, ಅದು ಅವರ ಅಪರಾಧವಲ್ಲ. ಕಚೇರಿಯಲ್ಲಿ ಹೊಣೆ ಹೊರುವವರಿಲ್ಲದಿರುವುದು ಅಪರಾಧ.

ಮೂರನೆಯದೇ ಮುಖ್ಯವಾದುದು. ತೀರ್ಪು ನಗರದ ಸಭಾಂಗಣದಲ್ಲಿ ಆಗಬಾರದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಮಾನ್ಯತೆ ನೀಡಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಸಮಾಜ ಕಲ್ಯಾಣವೂ ಪಡಿತರ ವಿತರಣೆಯೂ ಸೇರಿವೆ. ಅಂದಮೇಲೆ ತೀರ್ಪುಗಾರರು ಸಿದ್ಧರಾಗಿಯೇ ಇದ್ದಾರೆ. ಗೆದ್ದ ತಂಡವು ಗ್ರಾಮಸಭೆಯ ಮುಂದೆ ನಿಂತು, ಊರಿನವರ ಭಾಷೆಯಲ್ಲಿ ತನ್ನ ಉಪಾಯವನ್ನು ವಿವರಿಸಲಿ. “ನನ್ನ ಮನೆಯಲ್ಲಿ ಫೋನಿಲ್ಲವಲ್ಲ ಮಗಾ” ಎಂದು ಒಬ್ಬ ಅಜ್ಜಿ ಎದ್ದು ಹೇಳಿದರೆ, ಆ ಒಂದು ಮಾತು ನನ್ನಂಥ ಹತ್ತು ಜನ ತೀರ್ಪುಗಾರರ ಅಂಕಗಳಿಗಿಂತ ಹೆಚ್ಚಿನ ಬೆಲೆಯುಳ್ಳದ್ದು.

ಸ್ಪರ್ಧೆಗಳು ನಡೆಯಲಿ. ಎಳೆಯರ ಬುದ್ಧಿ ಕೇವಲ ಸಂಪಾದನೆಯ ಕಡೆಗೆ ಹರಿಯದೆ ಊರಿನ ಕಡೆಗೂ ತಿರುಗುವುದು ಶುಭವೇ. ಆದರೆ ಬಹುಮಾನ ಪಡೆಯುವವನೂ ಕೊಡುವವನೂ ಆ ವೃದ್ಧೆಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಂದು ನಾನು “ಬಂತು ತಾಯಿ” ಎಂದಷ್ಟೇ ಹೇಳಿದ್ದೆ. “ನಿಮಗೆ ಬಂತೇ?” ಎಂದು ಒಂದು ವರ್ಷ ಮೊದಲೇ ನಾನು ಅವಳನ್ನು ಕೇಳಬೇಕಿತ್ತು.