ಗೋಡೆ ಉಳಿಯಿತು, ಹೆಸರು ಹೋಯಿತು

ಹಿಂದಿನವರು ಬಿಟ್ಟುಹೋದದ್ದರಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕೈಬಿಡಬೇಕು? ವಾರಸುದಾರರಾದ ನಮಗೆಲ್ಲ ಎದುರಾಗುವ ಪ್ರಶ್ನೆ ಇದು. ವಾಷಿಂಗ್ಟನ್ ನಗರದ ಒಂದು ಸರಕಾರಿ ಹೈಸ್ಕೂಲು ಇದಕ್ಕೆ ಎರಡು ಬಾರಿ ಉತ್ತರ ಹುಡುಕಬೇಕಾಯಿತು.

1935ರಲ್ಲಿ ಆರಂಭವಾದ ಆ ಶಾಲೆಗೆ ಅಧ್ಯಕ್ಷ ವುಡ್ರೋ ವಿಲ್ಸನ್‌ರ ಹೆಸರಿಟ್ಟಿದ್ದರು. ಮುಕ್ಕಾಲು ಶತಮಾನ ಕಳೆದು ಕಟ್ಟಡ ಸೊರಗಿದಾಗ ಅದನ್ನು ಕೆಡವಿ ಹೊಸದು ಕಟ್ಟಲಿಲ್ಲ. 2010-11ರಲ್ಲಿ ಮಕ್ಕಳನ್ನು ಒಂದು ವರ್ಷ ನಗರದ ವಿಶ್ವವಿದ್ಯಾಲಯದ ಆವರಣಕ್ಕೆ ಕಳುಹಿಸಿ ಹಳೆಯ ಇಟ್ಟಿಗೆ ಕಟ್ಟಡವನ್ನೇ ನವೀಕರಿಸಲಾಯಿತು. ನಡುವಿನ ತೆರೆದ ಅಂಗಳಕ್ಕೆ ಗಾಜಿನ ಮಾಡು ಬಂತು. ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ 'ಲೀಡ್' ಮಾನ್ಯತೆಯ ಚಿನ್ನದ ದರ್ಜೆಯೂ ದೊರೆಯಿತು.

ಇದರ ಹಿಂದಿನ ತರ್ಕ ಸರಳ. ಇಟ್ಟಿಗೆ ಸುಡಲು, ಉಕ್ಕು ಕಾಯಿಸಲು, ಅವನ್ನು ಸಾಗಿಸಲು ಬೇಕಾದ ಇಂಧನ ಎಂದೋ ಉರಿದುಹೋಗಿದೆ. ಕೆಡವಿದರೆ ಮತ್ತೆ ಅಷ್ಟೇ ಉರಿಸಬೇಕು. ಹೊಸ ಕಟ್ಟಡ ಹಳೆಯದಕ್ಕಿಂತ ಶೇ. 30ರಷ್ಟು ಮಿತವ್ಯಯಿಯಾದರೂ, ಕಟ್ಟುವಾಗ ಹವಾಮಾನಕ್ಕೆ ಮಾಡಿದ ಹಾನಿ ತುಂಬಲು 10ರಿಂದ 80 ವರ್ಷ ಬೇಕೆಂದು ಅಮೆರಿಕದ ನ್ಯಾಷನಲ್ ಟ್ರಸ್ಟ್‌ನ 2011ರ ಅಧ್ಯಯನ ಹೇಳಿತು. ಆ ಸಾಲ ತೀರಿಸಬೇಕಾದವರು ನಮ್ಮ ಮಕ್ಕಳು.

ಆದರೆ ಹೆಸರು? ವಿಲ್ಸನ್‌ರ ಆಡಳಿತದಲ್ಲಿ (1913-21) ಕೇಂದ್ರ ಸರಕಾರದ ಕಚೇರಿಗಳಲ್ಲಿ ಕರಿಯ ನೌಕರರನ್ನು ಬಿಳಿಯರಿಂದ ಬೇರ್ಪಡಿಸಲಾಗಿತ್ತು. ಈ ಶಾಲೆಯೂ ಮೊದಲು ಬಿಳಿಯ ಮಕ್ಕಳಿಗಷ್ಟೇ ಮೀಸಲಾಗಿತ್ತು. 1954ರಲ್ಲಿ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ತಳ್ಳಿಹಾಕಿತು. 2022ರಲ್ಲಿ ಶಾಲೆಯ ಹೆಸರು ಜ್ಯಾಕ್ಸನ್-ರೀಡ್ ಎಂದಾಯಿತು. ಎಡ್ನಾ ಜ್ಯಾಕ್ಸನ್ ಇಲ್ಲಿನ ಮೊದಲ ಕರಿಯ ಶಿಕ್ಷಕಿ, ವಿನ್ಸೆಂಟ್ ರೀಡ್ ಮೊದಲ ಕರಿಯ ಪ್ರಾಂಶುಪಾಲರು.

ಕೆಲವರು ಕೇಳಬಹುದು: ಕರಿಯ ಮಕ್ಕಳನ್ನು ಹೊರಗಿಟ್ಟದ್ದು ಆ ಗೋಡೆಗಳೂ ಅಲ್ಲವೇ? ಹೆಸರು ತಪ್ಪಾದರೆ ಗೋಡೆ ಹೇಗೆ ಸರಿ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೋಡೆ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಬಾಗಿಲಲ್ಲಿ ನಿಂತವರು ತಡೆಯುತ್ತಾರೆ. ಬಾಗಿಲು ತೆರೆದ ದಿನ ಅದೇ ಗೋಡೆ ಎಲ್ಲರಿಗೂ ನೆರಳಾಗುತ್ತದೆ. ಹೆಸರು ಹಾಗಲ್ಲ. ಅದು ಪ್ರತಿದಿನ ಒಬ್ಬರಿಗೆ ಗೌರವ ಸಲ್ಲಿಸುತ್ತದೆ. ಆ ಗೌರವದಲ್ಲಿ ಪಾಲುಗೊಳ್ಳಲಾಗದ ಮಗುವೂ ಅದನ್ನು ತನ್ನ ಪ್ರಮಾಣಪತ್ರದಲ್ಲಿ ಹೊತ್ತು ನಡೆಯಬೇಕಾಗುತ್ತದೆ. ಹೆಸರು ತೆಗೆದರೆ ಇತಿಹಾಸ ಅಳಿಸಿತೆಂಬ ವಾದವೂ ನಿಲ್ಲದು. ಇತಿಹಾಸವನ್ನು ತರಗತಿಯಲ್ಲಿ ಕಲಿಸಬಹುದು, ಅದಕ್ಕೆ ಸಲಾಮು ಹೊಡೆಯಬೇಕಿಲ್ಲ.

ಹಾಗೆಂದು ಫಲಕ ಬದಲಿಸಿದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದು ನಾವು ನೆಮ್ಮದಿ ಪಡುವಂತಿಲ್ಲ. ಫಲಕ ಬದಲಿಸುವುದು ಅಗ್ಗದ ಕೆಲಸ. ಹಳತೆಂಬ ಕಾರಣಕ್ಕೆ ಪೂಜಿಸುವುದೂ ಹಳತೆಂಬ ಕಾರಣಕ್ಕೆ ಕೆಡವುವುದೂ ಯೋಚನೆಯ ಸೋಮಾರಿತನವೇ. ಉಳಿಸಿದ್ದು ಯಾರ ಉಪಯೋಗಕ್ಕೆ, ಬಿಟ್ಟದ್ದು ಯಾರ ನೋವು ಇಳಿಸಲಿಕ್ಕೆ ಎಂದು ಪ್ರತಿ ಪೀಳಿಗೆಯೂ ಕೇಳಿಕೊಳ್ಳಬೇಕು.