ಕಣ್ಕಟ್ಟು ಮತ್ತು ಕರಣೆ

ಶಾಲೆಯ ಮಕ್ಕಳಿಗೆ ಕಟ್ಟಡದ ಕಸುಬುಗಳನ್ನು ಆಟದ ಮೂಲಕ ಪರಿಚಯ ಮಾಡಿಕೊಡಬೇಕೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಆಟವೆಂದರೆ ಮರಳಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟುವ ಹಳೆಯ ಆಟವಲ್ಲ. ಕಣ್ಣಿಗೆ ಒಂದು ಪೆಟ್ಟಿಗೆಯನ್ನು ಬಿಗಿಯುತ್ತಾರೆ. ಅದರೊಳಗೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು, ತುಸುವೇ ಭಿನ್ನವಾದ ಚಿತ್ರ. ಎರಡನ್ನೂ ಕೂಡಿಸಿ ಮಿದುಳು ಆಳವನ್ನು ಕಾಣುತ್ತದೆ. ತಲೆ ತಿರುಗಿದತ್ತ ನೋಟವೂ ತಿರುಗುತ್ತದೆ. ಹುಡುಗ ಬೆಂಚಿನ ಪಕ್ಕದಲ್ಲೇ ನಿಂತಿದ್ದರೂ, ಹತ್ತನೆಯ ಅಂತಸ್ತಿನ ಸಾರುವೆಯ ಮೇಲೆ ನಿಂತವನಂತೆ ಅವನ ಮೊಣಕಾಲು ನಡುಗುತ್ತದೆ. ಇದಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಮಿಥ್ಯಾವಾಸ್ತವವೆಂದು ಪಂಡಿತರು ಅನುವಾದಿಸುತ್ತಾರೆ. ಕನ್ನಡ ಪಾಠ ಹೇಳುವ ನನಗೆ ಕಣ್ಕಟ್ಟು ಎಂಬ ಹಳೆಯ ಮಾತೇ ಸಾಕೆನಿಸುತ್ತದೆ.

ಇದನ್ನು ಹಾಸ್ಯ ಮಾಡುವುದು ಸುಲಭ. 50 ಕಿಲೋ ಸಿಮೆಂಟಿನ ಮೂಟೆಗೆ ಆ ಲೋಕದಲ್ಲಿ ಭಾರವಿಲ್ಲ. ಸುಣ್ಣ ಅಂಗೈಯನ್ನು ತಿನ್ನುವುದಿಲ್ಲ. ಚೈತ್ರದ ಬಿಸಿಲು ನೆತ್ತಿಯನ್ನು ಸುಡುವುದಿಲ್ಲ. ಆದರೆ ನಿಜವಾದ ಸಾರುವೆಯ ಮೇಲೆ ಮಗುವನ್ನು ಹತ್ತಿಸಲು ಯಾರೂ ಒಪ್ಪಲಾರರು, ಒಪ್ಪಲೂ ಬಾರದು. 1996ರ ಕಟ್ಟಡ ಕಾರ್ಮಿಕರ ಕಾಯಿದೆ 18 ತುಂಬಿದವರನ್ನು ಮಾತ್ರ ಸೌಲಭ್ಯಕ್ಕೆ ನೋಂದಾಯಿಸಿಕೊಳ್ಳಬೇಕೆಂದಿತ್ತು. ಅಲ್ಲಿಯವರೆಗೆ ಈ ಕಸುಬಿನ ಒಳಗನ್ನು ಹುಡುಗನೋ ಹುಡುಗಿಯೋ ಕಾಣಬೇಕಾದರೆ ಕಣ್ಕಟ್ಟು ಒಂದು ಕಿಟಕಿಯಾದೀತು. ಅಷ್ಟರಮಟ್ಟಿಗೆ ನಾನು ಅದರ ಪಕ್ಷ.

ಕೈಕೆಲಸದಿಂದಲೇ ವಿದ್ಯೆ ಬರಲಿ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ವಾದಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲ ಬಿಟ್ಟು ಊರಿನ ಕಸುಬುದಾರರ ಬಳಿ ಇರಲಿ ಎಂದಿತು. ಅಲ್ಲಿ ಬಡಗಿ, ತೋಟಗಾರ, ಕುಂಬಾರ, ಕಲಾವಿದ ಇವರ ಹೆಸರಿದೆ. ಗಾರೆಯವನು ‘ಮುಂತಾದವರು’ ಎಂಬ ಪದದೊಳಗೆ ಎಲ್ಲೋ ಅಡಗಿದ್ದಾನೆ.

ಅವನು ಹೀಗೆ ಅಡಗುವುದೇಕೆ ಎಂಬುದಕ್ಕೆ ನಮ್ಮ ಚಾಮರಾಜಪುರದ ಯಾವ ಮನೆಯಲ್ಲಾದರೂ ಪರೀಕ್ಷೆಯ ಕಾಲದಲ್ಲಿ ಕಿವಿಗೊಟ್ಟರೆ ಉತ್ತರ ಸಿಕ್ಕುತ್ತದೆ. “ಓದದೆ ಹೋದರೆ ಗಾರೆ ಕೆಲಸಕ್ಕೆ ಹೋಗಬೇಕಾಗುತ್ತೆ, ನೋಡು!” ಈ ಮಾತು ಆಡುವವರು ಗಾರೆಯವರು ಎಬ್ಬಿಸಿದ ಗೋಡೆಗೇ ಬೆನ್ನು ಕೊಟ್ಟು ಕೂತಿರುತ್ತಾರೆ. ಅದನ್ನು ಕೇಳಿದ ಮಗು ಕರಣೆ, ರಸಮಟ್ಟ, ತೂಗುಗುಂಡುಗಳನ್ನು ಶಿಕ್ಷೆಯ ಸಾಮಗ್ರಿಗಳೆಂದೇ ತಿಳಿಯುತ್ತದೆ. ನಮ್ಮ ಮಕ್ಕಳಿಗೆ ಬೆದರಿಕೆಯಾಗಿರುವುದನ್ನು ಇನ್ನೊಬ್ಬರ ಮಕ್ಕಳಿಗೆ ಭವಿಷ್ಯವೆಂದು ತೋರಿಸಲು ನಮಗೆ ಅಧಿಕಾರವಿದೆಯೇ? ನನ್ನ ಮನಸ್ಸನ್ನು ಕಾಡುತ್ತಿರುವ ಪ್ರಶ್ನೆ ಇದು. ಪೆಟ್ಟಿಗೆ ಬಡವರ ಶಾಲೆಗೆ ಮಾತ್ರ ಹೋದರೆ ಅದು ಕೂಲಿಯಾಳುಗಳ ಭರ್ತಿಯಾಗುತ್ತದೆ. ವಿದ್ಯೆ ಎನಿಸಿಕೊಳ್ಳಬೇಕಾದರೆ ಎಲ್ಲ ಮಕ್ಕಳ ಕಣ್ಣಿಗೂ ಅದನ್ನು ಕಟ್ಟಬೇಕು. ನನ್ನ ತರಗತಿಗೆ ಸೇರುವ ಕೆಲವು ಹುಡುಗರು ಅರ್ಜಿಯಲ್ಲಿ ತಂದೆಯ ಉದ್ಯೋಗ ‘ಕೂಲಿ’ ಎಂದು ಬರೆಯುತ್ತಾರೆ. ವಿಚಾರಿಸಿದರೆ ಆತ ಇಪ್ಪತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿ. ಮಗನಿಗೆ ಆ ಪದ ಬರೆಯುವುದು ಬೇಡವಾಗಿದೆ.

ಹಿಂದೆ ಹೀಗಿರಲಿಲ್ಲವೆಂದು ಹೇಳಿ ಪಾರಾಗಲು ಬರುವಂತಿಲ್ಲ. ಸೋಮನಾಥಪುರದಲ್ಲಿ 13ನೆಯ ಶತಮಾನದ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾನೆ. ತಳಪಾಯ ತೋಡಿದವರು ಯಾರೆಂದು ಕಲ್ಲು ಹೇಳುವುದಿಲ್ಲ. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ 1912ಕ್ಕೆ ಪೂರ್ಣವಾದ ಈಗಿನ ಅರಮನೆಯ ಮಾತು ಬಂದರೆ ಹೆನ್ರಿ ಇರ್ವಿನ್ ಹೆಸರು ನಮ್ಮ ನಾಲಗೆಯ ತುದಿಯಲ್ಲಿದೆ. ಅಲ್ಲಿಗೆ ನಮ್ಮ ಸ್ಮರಣೆ ನಿಲ್ಲುತ್ತದೆ.

ಈ ಮರೆವಿಗೆ ಊರು ಬೆಲೆ ತೆರುತ್ತಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೆ, ಉಳಿಸಬೇಕೆ ಎಂದು ನಾವು ವಾದಿಸುತ್ತೇವೆ. ಉಳಿಸುವುದಾದರೆ ಸುಣ್ಣದ ಗಾರೆಯನ್ನು ಬಲ್ಲ ಕೈ ಬೇಕು. ಆ ಗಾರೆಯನ್ನು ಕೊಳೆಸಬೇಕು, ಅರೆಯಬೇಕು, ಕಾಯಬೇಕು; ಸಿಮೆಂಟಿನ ಆತುರ ಅದಕ್ಕಿಲ್ಲ. ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ಗೋಡೆಯ ತೇವ ಹೊರಬರಲಾರದೆ ಒಳಗೇ ಕೊಳೆಯುತ್ತದೆ. ಇಷ್ಟನ್ನು ತಿಳಿದವನು ‘ಕೂಲಿ’ ಆಗುವುದು ಹೇಗೆ?

ಆದ್ದರಿಂದ ಆಟ ಮಾಡುವವರಲ್ಲಿ ನನ್ನ ಕೋರಿಕೆ ಸಣ್ಣದು. ಹಳದಿ ಟೋಪಿ ಹಾಕಿಸಿ, ಕ್ರೇನು ತಿರುಗಿಸಿ, ಚಪ್ಪಾಳೆ ತಟ್ಟಿಸಿ ಮುಗಿಸಬೇಡಿ. ಶನಿವಾರದ ಬಟವಾಡೆಯನ್ನು ತೋರಿಸಿ. ಮಳೆ ಬಂದು ಕೆಲಸವಿಲ್ಲದ ವಾರವನ್ನು ತೋರಿಸಿ. ಬಾಣಲಿ ಹೊತ್ತು ಮೆಟ್ಟಿಲು ಹತ್ತುವ ಹೆಂಗಸಿಗೆ ಕರಣೆ ಸಿಕ್ಕುವುದು ಏಕೆ ಅಪರೂಪವೆಂದು ಮಗು ಕೇಳುವಂತೆ ಮಾಡಿ. ನಡುಪಟ್ಟಿ ಕಟ್ಟಿಕೊಳ್ಳದಿದ್ದರೆ ಬೀಳುತ್ತಾರೆಂಬುದನ್ನು ಮುಚ್ಚಬೇಡಿ. ಇಟ್ಟಿಗೆಯ ಸಾಲು ಗುಂಡಿಗೆ ಸರಿಯಾಗಿ ಬಂದಾಗ ಆಗುವ ಸುಖವನ್ನೂ ತೋರಿಸಿ, ಅದು ಸುಳ್ಳಲ್ಲ.

ಇಷ್ಟೆಲ್ಲವನ್ನೂ ನೋಡಿದ ಮೇಲೆ ಒಂದು ಮಗು ಪೆಟ್ಟಿಗೆ ಬಿಚ್ಚಿಟ್ಟು ಮನೆಗೆ ಬಂದು, “ಅಪ್ಪಾ, ನಾನು ಮೇಸ್ತ್ರಿಯಾಗಲೇ?” ಎಂದು ಕೇಳೀತು. ನಗದೆ, ಗದರದೆ ಉತ್ತರ ಕೊಡುವವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡಿದೆ. ಒಂದು ಕೈಯ ಬೆರಳೂ ಮುಗಿಯಲಿಲ್ಲ.