ಅಳಿಸು ಎಂದಿದ್ದೆ

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ನಾನು ಹಿಡಿದದ್ದು ಲೋಗೋ. 1967ರಲ್ಲಿ ಸೆಮೋರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ರೂಪಿಸಿದ ಭಾಷೆ. ಪರದೆಯ ಮೇಲಿನ ಆಮೆ ಹೇಳಿದಷ್ಟು ನಡೆದು, ಹೇಳಿದಷ್ಟು ತಿರುಗಿ ಗೆರೆ ಎಳೆಯುತ್ತದೆ. (ಮನೆಯಲ್ಲಿ ಹಾಗೆ ಮಾತು ಕೇಳುವವರು ಯಾರಿದ್ದಾರೆ!)

ಸಮ ಪಂಚಭುಜ ಬರೆಯಿರಿ ಎಂದೆ. ಆಮೆ ಪ್ರತಿ ಮೂಲೆಯಲ್ಲೂ 72 ಡಿಗ್ರಿ ತಿರುಗಬೇಕು. ಒಬ್ಬ ಹುಡುಗಿ 108 ಕೊಟ್ಟಳು. ಅದು ಒಳಕೋನ, ನಾನೇ ಬಾಯಿಪಾಠ ಮಾಡಿಸಿದ್ದು. ಐದು ಗೆರೆ ಎಳೆದರೂ ಚಿತ್ರ ಕೂಡಲಿಲ್ಲ. “ತಪ್ಪು, ಅಳಿಸು” ಎಂದೆ. ಅವಳು ಅಳಿಸದೆ ಐದನ್ನು ಹತ್ತು ಮಾಡಿದಳು. ರಂಗೋಲಿಯಂಥ ಹತ್ತು ಮೊನೆಯ ನಕ್ಷತ್ರ ಮೂಡಿತು.

ಆಮೆ ಅವಳಿಗೆ ತಪ್ಪು ಎನ್ನಲಿಲ್ಲ, ಹೇಳಿದ್ದನ್ನು ಮಾಡಿ ತೋರಿಸಿತು, ಅಷ್ಟೆ. ನನ್ನ ಕೆಂಪು ಶಾಯಿ ಇಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳನ್ನು ಐದನೇ ಗೆರೆಗೇ ನಿಲ್ಲಿಸಿತೋ! ಆದರೂ ನಾನು ಕೇಳಿದ್ದು ಪಂಚಭುಜವನ್ನೇ.

“ಎಷ್ಟು ಮಾರ್ಕು, ಟೀಚರ್?” ಎಂದಳು. ಪೆನ್ನು ಹಿಡಿದು ಸುಮ್ಮನೆ ನಿಂತೆ.